ಡಾಸ್ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ

ಅಕ್ಕನ ಮಗಳಿಗೆ ಮಂಡ್ಯದಲ್ಲೇ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಕಂಪ್ಯೂಟರ್ ಸೈನ್ಸ್. ಕಾಲೇಜು ಶುರುವಾಗುವ ಮೊದಲೇ ಲ್ಯಾಪ್‌ಟಾಪ್ ಬೇಕು ಅಂದಳು. ಮೈಸೂರಿಗೆ ಹೋದರೆ ನಾಲ್ಕು ಅಂಗಡಿ ನೋಡಿ ತರಬಹುದು ಅಂತ ಇಬ್ಬರೂ ಬೆಳಿಗ್ಗೆ ರೈಲು ಹತ್ತಿದೆವು. ದೇವರಾಜ ಅರಸು ರಸ್ತೆಯ ಆಸುಪಾಸು ಮಧ್ಯಾಹ್ನದವರೆಗೂ ಸುತ್ತಿದೆವು. ಕೊನೆಗೆ ಒಂದು ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟು ತೋರಿಸಿದರು. ಅದೇ ಕಂಪನಿ, ಅದೇ ಪ್ರೊಸೆಸರ್, ಅದೇ 16 ಜಿಬಿ ರ‍್ಯಾಮ್, ಬಣ್ಣವೂ ಅದೇ. ಒಂದರ ಬೆಲೆ ಮಾತ್ರ 4,500 ರೂಪಾಯಿ ಕಡಿಮೆ.

"ಇದು ಡಾಸ್ ಪೀಸು ಸಾರ್, ಓಎಸ್ ಬರಲ್ಲ," ಅಂದ ಅಂಗಡಿಯ ಹುಡುಗ. "ನಾವೇ ವಿಂಡೋಸ್ ಹಾಕ್ಕೊಡ್ತೀವಿ. ಐನೂರು ರೂಪಾಯಿ ಕೊಡಿ, ಸಾಕು."

"ಹಂಗಾದ್ರೆ ಇದನ್ನೇ ತಗೊಳ್ಳೋಣ ಮಾವ, ನಾಲ್ಕು ಸಾವಿರ ಉಳಿಯುತ್ತೆ," ಅಂದಳು ಅವಳು.

ಅಂಗಡಿಯಲ್ಲಿ ನಿಂತಾಗ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಆ ನಾಲ್ಕು ಸಾವಿರ ಎಲ್ಲರಿಗೂ ಉಳಿಯುವುದಿಲ್ಲ. ಕೆಲವರಿಗೆ ಪೂರ್ತಿ ಉಳಿಯುತ್ತದೆ, ಕೆಲವರಿಗೆ ಆಮೇಲೆ ಅದರ ಎರಡರಷ್ಟು ಕೈಯಿಂದ ಹೋಗುತ್ತದೆ. ನೀವು ಯಾವ ಗುಂಪಿನವರು ಅಂತ ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ನಿಮ್ಮ ಪರವಾಗಿ ಆ ಹುಡುಗನೇ ತೀರ್ಮಾನ ಮಾಡಿಬಿಡುತ್ತಾನೆ, ಐನೂರು ರೂಪಾಯಿಗೆ.

ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಂ, ಮಾಡುವ ಕೆಲಸ ಏನು? ನಮ್ಮ ಕಡೆ ಗದ್ದೆ ಇರುವವರಿಗೆ ನೀರುಗಂಟಿ ಗೊತ್ತು. ಕಾಲುವೆಗೆ ನೀರು ಬಿಟ್ಟಾಗ ಯಾರ ಗದ್ದೆಗೆ ಎಷ್ಟು ಹೊತ್ತು, ಯಾರಾದ ಮೇಲೆ ಯಾರು ಅಂತ ನೋಡಿಕೊಂಡು ತೂಬು ತೆಗೆದು ಮುಚ್ಚುವವನು ಅವನು. ಅವನಿಲ್ಲದಿದ್ದರೆ ಕಾಲುವೆ ತುಂಬಿ ಹರಿದರೂ ಕೊನೇ ಗದ್ದೆಗೆ ನೀರು ಹೋಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಹಂಚಬೇಕಾದ ನೀರು ಅಂದರೆ ಪ್ರೊಸೆಸರ್‌ನ ಸಮಯ, ರ‍್ಯಾಮ್‌ನ ಜಾಗ, ಡಿಸ್ಕ್, ವೈಫೈ. ಬ್ರೌಸರ್ ಕೇಳುತ್ತದೆ, ವಿಡಿಯೊ ಕೇಳುತ್ತದೆ, ಪ್ರಿಂಟರ್ ಕೇಳುತ್ತದೆ, ಎಲ್ಲಾ ಒಟ್ಟಿಗೆ. ಸೆಕೆಂಡಿಗೆ ನೂರಾರು ಸಲ ಸರದಿ ಬದಲಿಸುತ್ತಾ ಎಲ್ಲರಿಗೂ ಹಂಚುವುದು ಓಎಸ್ ಕೆಲಸ. ವಿಂಡೋಸ್ ಒಂದು ಓಎಸ್. ಲಿನಕ್ಸ್ ಇನ್ನೊಂದು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದೂ ಲಿನಕ್ಸ್ ಕರ್ನೆಲ್ಲೇ, ಅಂದರೆ ಅದರ ತಿರುಳು ಭಾಗ.

ಓಎಸ್ ಇಲ್ಲದ ಕಂಪ್ಯೂಟರ್ ಆನ್ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ. ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿ ಚಿಕ್ಕ ಪ್ರೋಗ್ರಾಂ ಇರುತ್ತದೆ. ಹಿಂದೆ ಅದಕ್ಕೆ ಬಯೋಸ್ ಅನ್ನುತ್ತಿದ್ದರು, ಈಗಿನದಕ್ಕೆ ಯುಇಎಫ್‌ಐ ಅನ್ನಬೇಕು, ಆದರೆ ರಿಪೇರಿಯವರ ಬಾಯಲ್ಲಿ ಇವತ್ತಿಗೂ ಬಯೋಸೇ. ಪವರ್ ಬಟನ್ ಒತ್ತಿದ ಕೂಡಲೇ ಮೊದಲು ಏಳುವುದು ಇದು. ರ‍್ಯಾಮ್ ಇದೆಯಾ, ಕೀಬೋರ್ಡ್ ಇದೆಯಾ ಅಂತ ನೋಡಿ, ನೀರುಗಂಟಿಯನ್ನು ಕರೆಯೋಣ ಅಂತ ಡಿಸ್ಕಿನ ಬಾಗಿಲು ತಟ್ಟುತ್ತದೆ. ಒಳಗೆ ಯಾರೂ ಇಲ್ಲದಿದ್ದರೆ ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ನಿಂತುಬಿಡುತ್ತದೆ: 'ನೋ ಬೂಟಬಲ್ ಡಿವೈಸ್'. ಎಷ್ಟೋ ಜನ ಇದನ್ನು ನೋಡಿ ಹೊಸ ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ವಾಪಸ್ ತಗೊಂಡು ಹೋಗಿದ್ದಾರೆ. ಕೆಟ್ಟಿರುವುದಿಲ್ಲ. ಒಳಗೆ ಆಳಿಲ್ಲ, ಅಷ್ಟೆ.

ಹಾಗಾದರೆ 'ಡಾಸ್' ಅಂತ ಯಾಕೆ ಅನ್ನುತ್ತಾರೆ? ಪೆಟ್ಟಿಗೆಯ ಮೇಲೆ 'ಫ್ರೀಡಾಸ್' ಅಂತ ಇರುತ್ತದೆ. ಇದರ ಕಥೆ ನನಗೆ ತುಂಬಾ ಇಷ್ಟ. 1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಡಾಸ್ ಅನ್ನುವ ಓಎಸ್‌ನಿಂದ ಮೈಕ್ರೋಸಾಫ್ಟ್ ಬೆಳೆಯಿತು. 1994ರಲ್ಲಿ, ಇನ್ನು ಮುಂದೆ ಡಾಸ್ ಬೇರೆಯಾಗಿ ಇರುವುದಿಲ್ಲ, ವಿಂಡೋಸ್ ಒಳಗೇ ಸೇರುತ್ತದೆ ಅನ್ನುವ ಸುದ್ದಿ ಬಂತು. ಆಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫಿಸಿಕ್ಸ್ ಓದುತ್ತಿದ್ದ ಜಿಮ್ ಹಾಲ್ ಅನ್ನುವ ವಿದ್ಯಾರ್ಥಿಗೆ ಡಾಸ್ ಬಿಡಲು ಮನಸ್ಸಿರಲಿಲ್ಲ. ನಾವೇ ಒಂದು ಬರೆದು ಎಲ್ಲರಿಗೂ ಪುಕ್ಕಟೆ ಕೊಡೋಣ ಅಂತ ಆ ವರ್ಷ ಜೂನ್ 29ರಂದು ಪ್ರಕಟಿಸಿದ. ಜನ ಸೇರಿ ಬರೆದರು. 1.0 ಆವೃತ್ತಿ ಬರಲು 2006 ಆಯಿತು. ಅದೇ ಇವತ್ತಿನ ಫ್ರೀಡಾಸ್. ಅದರಲ್ಲಿ ನೀವು ಯೂಟ್ಯೂಬ್ ನೋಡಲಾಗದು, ವೈಫೈ ಹತ್ತುವುದಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿನುಗುವ ಒಂದು ಗೆರೆ. ಲ್ಯಾಪ್‌ಟಾಪ್ ಕಂಪನಿಗೆ ಅಷ್ಟೇ ಸಾಕು. ಆನ್ ಮಾಡಿದರೆ ಏನೋ ಒಂದು ಬರುತ್ತದೆ, ಯಾರಿಗೂ ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ.

ಇನ್ನೊಂದು ಸಂಗತಿ ಇದೆ. ಫ್ರೀಡಾಸ್ ಹಳೆಯ ಬಯೋಸ್ ಕಾಲದ್ದು, ಬರೀ ಯುಇಎಫ್‌ಐ ಇರುವ ಹೊಸ ಯಂತ್ರಗಳಲ್ಲಿ ನೇರವಾಗಿ ಓಡುವುದಿಲ್ಲ. ಹಾಗಾಗಿ ಎಚ್‌ಪಿಯ ಕೆಲವು ಹೊಸ 'ಫ್ರೀಡಾಸ್' ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಒಂದು ಪುಟ್ಟ ಲಿನಕ್ಸ್ ಏಳುತ್ತದೆ, ಅದರ ಹೊಟ್ಟೆಯೊಳಗೆ ಫ್ರೀಡಾಸ್ ಓಡುತ್ತದೆ. ಹೆಸರಿನ ಬೋರ್ಡಿನಲ್ಲಿ ಡಾಸ್, ಕೆಳಗೆ ಹೊರುವುದು ಲಿನಕ್ಸ್.

ಓಎಸ್ ಇಲ್ಲದೆ ಕಂಪ್ಯೂಟರ್ ಕೊಳ್ಳುವ ಅವಕಾಶವೂ ಸುಮ್ನೆ ಸಿಕ್ಕಿದ್ದಲ್ಲ. ಮೈಕ್ರೋಸಾಫ್ಟ್ ಹಿಂದೆ ಕಂಪ್ಯೂಟರ್ ಕಂಪನಿಗಳ ಜೊತೆ ಪ್ರೊಸೆಸರ್ ಲೆಕ್ಕದ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಎಷ್ಟು ಯಂತ್ರ ಹೊರಗೆ ಹೋಗುತ್ತದೋ ಅಷ್ಟಕ್ಕೂ ದುಡ್ಡು ಕಟ್ಟಬೇಕು, ಅದರಲ್ಲಿ ಮೈಕ್ರೋಸಾಫ್ಟ್‌ನ ಓಎಸ್ ಇರಲಿ ಬಿಡಲಿ. ಅಂದರೆ ನೀವು ಬೇಡ ಅಂದರೂ ನಿಮ್ಮ ಜೇಬಿನಿಂದ ಅದರ ಪಾಲು ಹೋಗುತ್ತಿತ್ತು. ಅಮೆರಿಕದ ನ್ಯಾಯ ಇಲಾಖೆ ಕೇಸು ಹಾಕಿ, 1994ರ ಜುಲೈನಲ್ಲಿ ರಾಜಿಯಾಗಿ ಈ ಪದ್ಧತಿ ನಿಂತಿತು. ಫ್ರೀಡಾಸ್ ಪ್ರಕಟವಾದ ಮುಂದಿನ ತಿಂಗಳು. ಹೀಗಿದ್ದರೂ ಓಎಸ್‌ನ ಬೆಲೆ ಎಷ್ಟು ಅಂತ ಬೇರೆಯಾಗಿ ಹೇಳಬೇಕು ಅನ್ನುವ ವಾದ ಯುರೋಪಿನಲ್ಲೂ ಗೆಲ್ಲಲಿಲ್ಲ. ಸೋನಿ ಲ್ಯಾಪ್‌ಟಾಪ್ ಕೊಂಡಿದ್ದ ಫ್ರಾನ್ಸಿನ ಗ್ರಾಹಕರೊಬ್ಬರ ಕೇಸಿನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2016ರಲ್ಲಿ, ಓಎಸ್ ಸೇರಿಸಿ ಮಾರುವುದೇ ತಪ್ಪಲ್ಲ, ಅದರ ಬೆಲೆ ಬಿಡಿಸಿ ಹೇಳದಿರುವುದೂ ಮೋಸವಲ್ಲ ಅಂತ ತೀರ್ಪು ಕೊಟ್ಟಿತು. ನಮ್ಮ ಬಿಲ್ಲಿನಲ್ಲೂ ಲ್ಯಾಪ್‌ಟಾಪ್ ಅಂತ ಒಂದೇ ಸಾಲು, ಅದರ ಕೆಳಗೆ 18% ಜಿಎಸ್‌ಟಿ. ವಿಂಡೋಸ್‌ಗೆ ಎಷ್ಟು ಕೊಡುತ್ತಿದ್ದೇವೆ ಅಂತ ಗೊತ್ತಾಗುವುದು ಹೀಗೆ ಎರಡೂ ಪಕ್ಕಪಕ್ಕ ಬಂದು ಕೂತಾಗ ಮಾತ್ರ. ಅವತ್ತು ನಮಗೆ ಗೊತ್ತಾಗಿದ್ದು 4,500.

ಈಗ ಲೆಕ್ಕಕ್ಕೆ ಬರೋಣ. ಕಂಪನಿಯೇ ಹಾಕಿ ಕಳಿಸುವ ವಿಂಡೋಸ್‌ಗೆ ಓಇಎಂ ಲೈಸೆನ್ಸ್ ಅನ್ನುತ್ತಾರೆ. ಕಂಪನಿಗಳು ರಾಶಿ ರಾಶಿ ಕೊಳ್ಳುವುದರಿಂದ ಅದು ಅಗ್ಗ. ಆದರೆ ಆ ಮದರ್‌ಬೋರ್ಡಿಗೆ ಕಟ್ಟಿಹಾಕಿದ್ದು, ಬೇರೆ ಯಂತ್ರಕ್ಕೆ ಒಯ್ಯುವ ಹಾಗಿಲ್ಲ. ವಿಂಡೋಸ್ 8ರಿಂದ ಈಚೆಗೆ ಕೀ, ಅಂದರೆ ಲೈಸೆನ್ಸಿನ ಗುರುತಿನ ಸಂಕೇತ, ಕೂಡ ಬೋರ್ಡಿನ ಚಿಪ್ಪಿನಲ್ಲೇ ಇರುತ್ತದೆ. ಬಿಡಿಯಾಗಿ ಕೊಳ್ಳುವುದು ರೀಟೇಲ್ ಲೈಸೆನ್ಸ್. ಹಳೆ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಆದರೆ ಬೆಲೆ ಬಹಳ ಜಾಸ್ತಿ, ಅವತ್ತು ಉಳಿಯುತ್ತಿದ್ದ ನಾಲ್ಕೂವರೆ ಸಾವಿರ ಅದಕ್ಕೆ ಎಲ್ಲೂ ಸಾಲುವುದಿಲ್ಲ. ಅಂದರೆ ವಿಂಡೋಸ್ ಬೇಕೇ ಬೇಕು, ಅದೂ ಸರಿಯಾದ ದಾರಿಯಲ್ಲೇ ಬೇಕು ಅನ್ನುವವರಿಗೆ ಡಾಸ್ ಪೀಸು ನಷ್ಟದ ವ್ಯಾಪಾರ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ವಿಂಡೋಸ್ 11ರ ಫೈಲನ್ನು ಮೈಕ್ರೋಸಾಫ್ಟ್ ತಾಣದಿಂದ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ದುಡ್ಡು ಇರುವುದು ಫೈಲಿಗಲ್ಲ, ಲೈಸೆನ್ಸಿಗೆ. ಕೀ ಹಾಕದಿದ್ದರೆ ಪರದೆಯ ಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಅಂತ ಸದಾ ನಿಂತಿರುತ್ತದೆ, ವಾಲ್‌ಪೇಪರ್ ಬದಲಿಸುವಂಥ ಕೆಲವು ಆಯ್ಕೆಗಳು ಸಿಗುವುದಿಲ್ಲ. ಹಳೆ ವಿಂಡೋಸ್ 7ರ ಕೀ ಹಾಕಿ ಹೊಸದನ್ನು ಪಡೆಯುವ ದಾರಿಯಿತ್ತು, ಅದನ್ನು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು.

ಹಾಗಾದರೆ ಆ ಐನೂರು ರೂಪಾಯಿಗೆ ಹಾಕುವುದು ಯಾವ ವಿಂಡೋಸ್? ಬಹುಪಾಲು ಕ್ರ್ಯಾಕ್ ಮಾಡಿದ್ದು, ಅಂದರೆ ಲೈಸೆನ್ಸ್ ಇಲ್ಲದೆಯೇ ಓಡುವ ಹಾಗೆ ಬೀಗ ಮುರಿದದ್ದು. ಇದರ ಬಗ್ಗೆ ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೇ ಆಗಿದೆ. ಭಾವನ ಅಂಗಡಿಯ ಲೆಕ್ಕದ ಕಂಪ್ಯೂಟರ್ ಒಂದು ಕಡೆ ಅಸೆಂಬಲ್ ಮಾಡಿಸಿದ್ದು. ಓಎಸ್ ಅವರೇ 'ಫ್ರೀಯಾಗಿ' ಹಾಕಿಕೊಟ್ಟಿದ್ದರು. ಕ್ರ್ಯಾಕ್ ಮಾಡುವ ಪ್ರೋಗ್ರಾಂ ಓಡಬೇಕಾದರೆ ಮೊದಲು ವಿಂಡೋಸ್‌ನ ಕಾವಲುಗಾರನನ್ನು, ಅಂದರೆ ಡಿಫೆಂಡರ್ ಅನ್ನು ಆಫ್ ಮಾಡಬೇಕು. ಆಫ್ ಮಾಡಿದ್ದರು, ಹಾಗೇ ಬಿಟ್ಟಿದ್ದರು. ಅಪ್‌ಡೇಟ್ ಕೂಡ ನಿಲ್ಲಿಸಿದ್ದರು. ಒಂದು ಸೋಮವಾರ ಬೆಳಿಗ್ಗೆ ಭಾವ ಆನ್ ಮಾಡಿದರೆ ಎಲ್ಲ ಫೈಲುಗಳ ಹೆಸರೂ ಬದಲಾಗಿದ್ದವು, ಯಾವುದೂ ತೆರೆಯಲಿಲ್ಲ. ಪರದೆಯ ಮೇಲೆ ದುಡ್ಡು ಕೇಳುವ ಚೀಟಿ. ಮೂರು ವರ್ಷದ ಸಾಲದ ಲೆಕ್ಕ ಹೋಯಿತು. ಯಾರು ಎಷ್ಟು ಕೊಡಬೇಕು ಅನ್ನುವುದು ಅರ್ಧ ಅವರ ತಲೆಯಲ್ಲಿತ್ತು, ಇನ್ನರ್ಧ ಹೋದದ್ದು ಹೋಯಿತು. ಆ ಮುಖ ನಾನು ಮರೆತಿಲ್ಲ.

ಕಾನೂನಿನ ಮಾತೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಬಳಸದಿದ್ದರೆ ಜೈಲು ಬಿಟ್ಟು ಬರೀ ದಂಡ ಹಾಕುವ ಅಧಿಕಾರ ಕೋರ್ಟಿಗಿದೆ. ಅಂಗಡಿ, ಆಫೀಸು ಇಟ್ಟವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆನ್‌ಲೈನಿನಲ್ಲಿ ಮುನ್ನೂರು ನಾನ್ನೂರಕ್ಕೆ ಸಿಗುವ 'ಒರಿಜಿನಲ್ ಕೀ' ಬಗ್ಗೆಯೂ ಹುಷಾರು. ಹೆಚ್ಚಿನವು ಯಾವುದೋ ಸಂಸ್ಥೆಗೆ ಕೊಟ್ಟ ಕೀಗಳನ್ನು ಒಡೆದು ಮಾರಿದ್ದು. ಇವತ್ತು ಕೆಲಸ ಮಾಡುತ್ತದೆ, ನಾಳೆ ಮೈಕ್ರೋಸಾಫ್ಟ್ ಮುಚ್ಚಿದರೆ ಕೇಳಲು ಯಾರೂ ಸಿಗುವುದಿಲ್ಲ.

ಹಾಗಾದರೆ ಡಾಸ್ ಪೀಸು ಯಾರಿಗೆ? ಲಿನಕ್ಸ್ ಬಳಸುವವರಿಗೆ, ಬಳಸಲು ಸಿದ್ಧ ಇರುವವರಿಗೆ. ವಿಂಡೋಸ್ 10 ಅಥವಾ 11ರ ರೀಟೇಲ್ ಲೈಸೆನ್ಸ್ ಮೊದಲೇ ಕೈಯಲ್ಲಿ ಇರುವವರಿಗೂ ಸರಿ. ಲೆಕ್ಕದ ಕೆಲಸದವರಿಗೆ ಟ್ಯಾಲಿ ಬೇಕು, ಅದು ವಿಂಡೋಸ್‌ದು. ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಬೇಕು, ಅವೂ ಲಿನಕ್ಸ್‌ಗೆ ಇಲ್ಲ. ಇವರೆಲ್ಲ ಸುಮ್ಮನೆ ವಿಂಡೋಸ್ ಇರುವುದನ್ನೇ ತಗೊಳ್ಳುವುದು ಒಳ್ಳೆಯದು. ಕಂಪ್ಯೂಟರ್ ಸೈನ್ಸ್‌ನವರ ಮಾತು ಬೇರೆ. ಸಿ, ಜಾವಾ, ಪೈಥಾನ್ ಎಲ್ಲವೂ ಲಿನಕ್ಸ್‌ನಲ್ಲಿ ಸಲೀಸು, ಮುಂದೆ ಕೆಲಸಕ್ಕೆ ಸೇರಿದರೆ ಅಲ್ಲಿನ ಸರ್ವರ್‌ಗಳಲ್ಲೂ ಬಹುತೇಕ ಅದೇ. ಪತ್ರ, ಪ್ರಾಜೆಕ್ಟ್ ರಿಪೋರ್ಟಿಗೆ ಲಿಬ್ರೆ ಆಫೀಸ್ ಇದೆ, ದುಡ್ಡು ಕೊಡಬೇಕಿಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಲಿನಕ್ಸ್ ಕಷ್ಟ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಆಫೀಸುಗಳಿಂದ ಬಂದ ಹಳೆ ಲ್ಯಾಪ್‌ಟಾಪಿನ ಬೋರ್ಡಿನಲ್ಲಿ ವಿಂಡೋಸ್ ಕೀ ಇದ್ದೇ ಇರುತ್ತದೆ ಅನ್ನಬಹುದು. ಅದೇ ಹೋಮ್ ಅಥವಾ ಪ್ರೊ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಅದಕ್ಕೆ ಮತ್ತೆ ಕ್ರ್ಯಾಕ್ ಹಾಕಿಸಿಕೊಂಡು ಬಂದವರನ್ನು ನೋಡಿದ್ದೇನೆ, ತುಂಬಾ ಬೇಜಾರಾಗುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆ ಅಥವಾ ಆಮೇಲಿನದು ಆಗಿರಬೇಕು. ಅದಕ್ಕಿಂತ ಹಳೆಯದಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಅವತ್ತು ನನ್ನ ಚೀಲದಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಡಾಸ್ ಪೀಸು ನೋಡಲು ಹೋಗುವವರು ಇದೊಂದನ್ನು ಮರೆಯಬೇಡಿ. ಮನೆಯಲ್ಲೇ ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನುವ ಲಿನಕ್ಸ್ ಬಗೆಯ ಐಎಸ್‌ಒ ಫೈಲ್, ಅಂದರೆ ಇಡೀ ಓಎಸ್ ಇರುವ ಒಂದೇ ಫೈಲ್, ಇಳಿಸಿಕೊಂಡು, ರೂಫಸ್ ಅಥವಾ ವೆಂಟಾಯ್ ಅನ್ನುವ ಪುಕ್ಕಟೆ ಪ್ರೋಗ್ರಾಂನಿಂದ 8 ಜಿಬಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಫೋಟೊ ಗೀಟೊ ಇದ್ದರೆ ಬೇರೆ ಕಡೆ ಇಟ್ಟುಕೊಳ್ಳಿ. ಮಿಂಟ್ ಸುಮಾರು 3 ಜಿಬಿ, ಉಬುಂಟು ಅದರ ಎರಡರಷ್ಟು. ದಿನಕ್ಕೆ ಒಂದೂವರೆ ಜಿಬಿಯ ಫೋನ್ ಪ್ಯಾಕ್‌ನಲ್ಲಿ ಆಗದ ಮಾತು, ಬ್ರಾಡ್‌ಬ್ಯಾಂಡ್ ಇರುವವರ ಮನೆಗೆ ಹೋಗಿ ಇಳಿಸಿಕೊಳ್ಳುವುದು ಸುಲಭ.

ಅಂಗಡಿಯವರಿಗೆ ಹೇಳಿ, ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದೆ. ಆನ್ ಮಾಡುವಾಗ ಕೀಬೋರ್ಡಿನ ಒಂದು ಕೀ ಒತ್ತುತ್ತಾ ಇದ್ದರೆ ಬೂಟ್ ಮೆನು, ಅಂದರೆ ಯಾವುದರಿಂದ ಏಳಬೇಕು ಅಂತ ಕೇಳುವ ಪಟ್ಟಿ, ಬರುತ್ತದೆ. ಎಚ್‌ಪಿಗೆ ಎಫ್9, ಡೆಲ್‌ಗೆ ಮತ್ತು ಲೆನೊವೊಗೆ ಎಫ್12, ಆಸುಸ್‌ಗೆ ಎಸ್ಕೇಪ್. ಅಲ್ಲಿ ಪೆನ್‌ಡ್ರೈವ್ ಆರಿಸಿದರೆ, ಇನ್‌ಸ್ಟಾಲ್ ಮಾಡದೆಯೇ, ಡಿಸ್ಕನ್ನು ಮುಟ್ಟದೆಯೇ, ಇಡೀ ಉಬುಂಟು ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಇದಕ್ಕೆ ಲೈವ್ ಮೋಡ್ ಅನ್ನುತ್ತಾರೆ. ವೈಫೈ ಹತ್ತಿತಾ, ಸ್ಪೀಕರ್‌ನಲ್ಲಿ ಸದ್ದು ಬಂತಾ, ಕ್ಯಾಮೆರಾ, ಟಚ್‌ಪ್ಯಾಡ್, ಬ್ಲೂಟೂತ್. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದರೆ ಮತ್ತೆ ಎದ್ದಿತಾ. ಹದಿನೈದು ನಿಮಿಷದ ಕೆಲಸ. ಆಮೇಲೆ ತಿಂಗಳುಗಟ್ಟಲೆ ಪರದಾಡುವುದು ತಪ್ಪುತ್ತದೆ. ನಮ್ಮದರಲ್ಲಿ ಬೆರಳಚ್ಚು ಓದುವ ಬಟನ್ ಒಂದು ಕೆಲಸ ಮಾಡಲಿಲ್ಲ. ಲಿನಕ್ಸ್‌ನಲ್ಲಿ ಅದು ಆಗಾಗ ಕೈಕೊಡುವ ಭಾಗ. "ಪಾಸ್‌ವರ್ಡ್ ಹೊಡೀತೀನಿ ಬಿಡಿ ಮಾವ," ಅಂದಳು. ಸುತ್ತ ನಿಂತು ನೋಡುತ್ತಿದ್ದ ಅಂಗಡಿ ಹುಡುಗ ಕೊನೆಗೆ, "ಅಣ್ಣ, ಇದನ್ನ ನನ್ನ ಪೆನ್‌ಡ್ರೈವ್‌ಗೂ ಹಾಕ್ಕೊಡ್ತೀರಾ?" ಅಂತ ಕೇಳಿದ. ಅಲ್ಲೇ ಹಾಕಿಕೊಟ್ಟೆ. ಇದನ್ನು ಹಂಚುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಬಿಲ್ಲಿನಲ್ಲಿ ಮಾಡೆಲ್ ನಂಬರ್ ಪೂರ್ತಿ ಬರೆಸಿಕೊಳ್ಳಿ. ಹೆಚ್ಚಾಗಿ ಕೊನೆಯ ಕೆಲವು ಅಕ್ಷರದಲ್ಲೇ ವಿಂಡೋಸ್ ಪೀಸೋ ಡಾಸ್ ಪೀಸೋ ಅನ್ನುವ ವ್ಯತ್ಯಾಸ ಇರುತ್ತದೆ. ವಿಂಡೋಸ್ ಇದೆ ಅಂತ ದುಡ್ಡು ಕೊಟ್ಟಿದ್ದರೆ ಪೆಟ್ಟಿಗೆಯ ಮೇಲಿನ ಚೀಟಿಯಲ್ಲೂ ಅದು ಇರಬೇಕು.

ಡಾಸ್ ಪೀಸಿಗೆ ವಿಂಡೋಸ್ ಹಾಕುವವರಿಗೆ ಎರಡು ತೊಡಕು ಬರಬಹುದು, ಎರಡಕ್ಕೂ ಹೆದರಬೇಕಿಲ್ಲ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ. ವಿಎಂಡಿ ಅನ್ನುವ ವ್ಯವಸ್ಥೆ ನಡುವೆ ಕೂತಿರುತ್ತದೆ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ಆರ್‌ಎಸ್‌ಟಿ ಡ್ರೈವರ್ (ಯಂತ್ರದ ಭಾಗವನ್ನು ಓಎಸ್‌ಗೆ ಪರಿಚಯಿಸುವ ಪ್ರೋಗ್ರಾಂ) ಇಳಿಸಿ, ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು, 'ಲೋಡ್ ಡ್ರೈವರ್' ಒತ್ತಿದರೆ ಡಿಸ್ಕ್ ಕಾಣುತ್ತದೆ. ಎರಡನೆಯದು ವೈಫೈ. ವಿಂಡೋಸ್ 11 ಹೋಮ್ ಮೊದಲ ಸಲ ಏಳುವಾಗಲೇ ಇಂಟರ್‌ನೆಟ್ ಕೇಳುತ್ತದೆ, ವೈಫೈ ಡ್ರೈವರ್ ಇನ್ನೂ ಬಂದಿರುವುದಿಲ್ಲ. ಫೋನಿಗೆ ಕೇಬಲ್ ಹಾಕಿ, ಫೋನಿನ ಇಂಟರ್‌ನೆಟ್ ಲ್ಯಾಪ್‌ಟಾಪಿಗೆ ಹರಿಸುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಅಕ್ಕ ಕೇಳಿದಳು, ಅವಳಿಗೆ ಶಾಲೆಯ ಕೆಲಸ ಇರುತ್ತದೆ. ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಆದರೆ ಅದರ ಕೀಲಿಮಣೆ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿದ್ದು, ಲಿನಕ್ಸ್‌ನಲ್ಲೇ ಸೇರಿದೆ. ಸೆಟ್ಟಿಂಗ್ಸ್‌ನ ಕೀಬೋರ್ಡ್‌ನಲ್ಲಿ ಕನ್ನಡ ಆರಿಸಿದರೆ 'ಕಗಪ' ಅಂತ ಸಿಗುತ್ತದೆ. ಬೇರೇನೂ ಹಾಕಬೇಕಿಲ್ಲ, ಎಲ್ಲ ಕಡೆ ಓದಬಲ್ಲ ಯುನಿಕೋಡ್ ಅಕ್ಷರಗಳೇ ಬೀಳುತ್ತವೆ. ಹಳೆಯ ನುಡಿ ಫಾಂಟಿನ ಕಡತಗಳು ಮಾತ್ರ ಬೇರೆ ಸಂಕೇತದವು, ಅವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ರಾತ್ರಿ ಮಂಡ್ಯಕ್ಕೆ ಬಂದು ಅವಳೇ ಉಬುಂಟು 24.04 ಹಾಕಿದಳು, ನಾನು ಪಕ್ಕದಲ್ಲಿ ಕೂತಿದ್ದೆ. 2024ರ ಏಪ್ರಿಲ್‌ನಲ್ಲಿ ಬಂದ ಈ ಆವೃತ್ತಿಗೆ 5 ವರ್ಷ ಅಪ್‌ಡೇಟ್ ಇದೆ. 512 ಜಿಬಿ ಡಿಸ್ಕಿನಲ್ಲಿ 150 ಜಿಬಿಯನ್ನು ಏನೂ ಮಾಡದೆ ಖಾಲಿ ಬಿಡು ಅಂದೆ. ಮೂರನೇ ವರ್ಷಕ್ಕೆ ಯಾವುದೋ ವಿಷಯಕ್ಕೆ ವಿಂಡೋಸ್ ಬೇಕೇ ಬೇಕು ಅಂತ ಆದರೆ, ಆಗ ಒಂದು ಲೈಸೆನ್ಸ್ ಕೊಂಡು ಆ ಜಾಗದಲ್ಲಿ ಹಾಕಬಹುದು. ವಿಂಡೋಸ್ ಬಂದ ಮೇಲೆ ತಾನೇ ಮೊದಲು ಏಳುವ ಹಾಗೆ ಸರದಿ ಬದಲಿಸಿಕೊಳ್ಳುತ್ತದೆ. ಬಯೋಸ್‌ಗೆ ಹೋಗಿ ಉಬುಂಟುವನ್ನು ಮತ್ತೆ ಮೇಲಕ್ಕೆ ತಂದು, ಉಬುಂಟುವಿನ ಬೂಟ್ ಪಟ್ಟಿಗೆ ವಿಂಡೋಸನ್ನೂ ಸೇರಿಸಿಕೊಂಡರೆ ಆನ್ ಮಾಡಿದಾಗಲೆಲ್ಲ ಯಾವುದು ಬೇಕು ಅಂತ ಅದು ಅವಳನ್ನೇ ಕೇಳುತ್ತದೆ.